ಕೊಲ್ಲುವ ಉದ್ದೇಶ ಇರಲಿಲ್ಲ

ಸುಮಾರು ನಲವತ್ತು ವರ್ಷಗಳ ಹಿಂದಿನ ಮಾತು. ಶಿವಮೊಗ್ಗದ ಹೊರವಲಯದಲ್ಲಿ ತುಂಗೆಗೆ ಸೇರುವ ಒಂದು ಹಳ್ಳ ಬೇಸಿಗೆಯಲ್ಲಿ ಹರಿವು ನಿಂತು ಅಲ್ಲಲ್ಲಿ ಗುಂಡಿಗಳಾಗಿ ಉಳಿಯುತ್ತಿತ್ತು. ರಜೆಯ ಒಂದು ದಿನ ನಾವು ನಾಲ್ವರು ಹುಡುಗರು, ಮನೆಯ ಬಾವಿಗೆ ಹಾಕಲು ತಂದಿಟ್ಟಿದ್ದ ಬ್ಲೀಚಿಂಗ್ ಪೌಡರನ್ನು ಕದ್ದು ಒಯ್ದು ಅಂಥ ಒಂದು ಗುಂಡಿಗೆ ಸುರಿದೆವು. ಸ್ವಲ್ಪ ಹೊತ್ತಿನಲ್ಲೇ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಅಂಗೈಗಿಂತ ದೊಡ್ಡವನ್ನೆಲ್ಲ ಆರಿಸಿ ಚೀಲಕ್ಕೆ ಹಾಕಿಕೊಂಡೆವು. ಬೆರಳುದ್ದದ ಮರಿಗಳು, ಗೊದಮೊಟ್ಟೆಗಳು, ಏಡಿಗಳು ಅಲ್ಲೇ ಬೆಳ್ಳಗೆ ತೇಲುತ್ತ ಉಳಿದವು.

ಲಷ್ಕರ್ ಮೊಹಲ್ಲಾದ ಮಾರುಕಟ್ಟೆಯಲ್ಲಿ ಮೀನು ಮಾರುತ್ತಿದ್ದ ಒಬ್ಬ ಚಾಚಾ ನಮಗೆಲ್ಲ ಪರಿಚಯದವರು. ನಾಲ್ಕು ಕಾಸು ಸಿಕ್ಕೀತೆಂದು ಚೀಲ ಅವರ ಮುಂದೆ ಸುರಿದೆವು. ಅವರು ಒಂದು ಮೀನಿನ ಕಿವಿರು ಎತ್ತಿ ನೋಡಿದರು, ಮೂಸಿದರು, ಹಾಗೆಯೇ ಕೆಳಗಿಟ್ಟರು. "ಇದು ನನಗೆ ಬೇಡ ಕಣ್ರಪ್ಪಾ. ನೀವು ಮೀನು ಹಿಡಿದಿಲ್ಲ, ಹಳ್ಳಾನೇ ಕೊಂದು ಬಂದಿದೀರಿ" ಎಂದರು. ನಮ್ಮಲ್ಲೊಬ್ಬ ಧೈರ್ಯ ಮಾಡಿ, "ಸಣ್ಣ ಮೀನು ಸಾಯಲಿ ಅಂತ ನಾವು ಹಾಕಿದ್ದಲ್ಲ ಚಾಚಾ" ಎಂದ. ಅವರು ನಗಲಿಲ್ಲ. "ಅದು ಸಣ್ಣ ಮೀನಿಗೆ ಗೊತ್ತೇನಪ್ಪಾ?" ಎಂದು ಕೇಳಿ ತಕ್ಕಡಿ ಕಡೆ ತಿರುಗಿದರು.

ಆ ಪ್ರಶ್ನೆಯ ತೂಕ ಆಗ ನಮಗೆ ತಿಳಿಯಲಿಲ್ಲ. ಮುಂದೆ ನೀರಿನ ಕಾನೂನುಗಳನ್ನು ಓದುವಾಗ ಅದು ಮತ್ತೆ ಮತ್ತೆ ಎದುರಾಯಿತು. ಮೀನು ಸತ್ತಾಗ ನಾವು ಕೇಳಬೇಕಾದದ್ದು 'ಕೊಲ್ಲುವ ಉದ್ದೇಶ ಇತ್ತೇ' ಎಂದೋ, ಅಥವಾ 'ಸಾಯದಂತೆ ನೋಡಿಕೊಳ್ಳುವ ಹೊಣೆ ಯಾರದಾಗಿತ್ತು' ಎಂದೋ? ಮೇಲ್ನೋಟಕ್ಕೆ ಎರಡೂ ಒಂದೇ ಎನಿಸಬಹುದು. ಆದರೆ ನಮ್ಮ ನದಿಗಳ ಹಣೆಬರಹ ನಿಂತಿರುವುದು ಈ ಎರಡು ಪ್ರಶ್ನೆಗಳ ನಡುವಿನ ಅಂತರದಲ್ಲಿ.

ಉದ್ದೇಶವನ್ನು ಕೇಳಿದ ಕಾನೂನು

ಈ ದೇಶದಲ್ಲಿ ಸಿಹಿನೀರಿನ ಮೀನುಗಳ ರಕ್ಷಣೆಗೆ ಆಧುನಿಕ ಕಾನೂನು ಬಂದದ್ದು ಬ್ರಿಟಿಷರ ಕಾಲದಲ್ಲಿ. ಫ್ರಾನ್ಸಿಸ್ ಡೇ ಎಂಬ ವೈದ್ಯ ಭಾರತದ ಮೀನುಗಳ ಅಧ್ಯಯನಕ್ಕೆ ತನ್ನ ಬದುಕಿನ ಬಹುಭಾಗವನ್ನು ಕೊಟ್ಟವನು. 1873ರಲ್ಲಿ ಅವನು ಭಾರತ ಮತ್ತು ಬರ್ಮಾದ ಸಿಹಿನೀರಿನ ಮೀನುಗಾರಿಕೆಯ ಬಗ್ಗೆ ವಿಸ್ತಾರವಾದ ವರದಿ ಕೊಟ್ಟ. ಬಹಳ ಚರ್ಚೆಯ ನಂತರ 1897ರಲ್ಲಿ ಭಾರತೀಯ ಮೀನುಗಾರಿಕಾ ಕಾಯ್ದೆ ಬಂತು. ಅದರ 4ನೇ ಸೆಕ್ಷನ್ ಸಿಡಿಮದ್ದು ಬಳಸುವುದನ್ನೂ 5ನೇ ಸೆಕ್ಷನ್ ನೀರಿಗೆ ವಿಷ, ಸುಣ್ಣ ಮುಂತಾದವನ್ನು ಹಾಕುವುದನ್ನೂ ನಿಷೇಧಿಸಿದವು. ವಿಷ ಹಾಕಿದವನಿಗೆ ಎರಡು ತಿಂಗಳವರೆಗೆ ಸೆರೆ ಅಥವಾ ಇನ್ನೂರು ರೂಪಾಯಿಯವರೆಗೆ ದಂಡ. ಆದರೆ ಎರಡೂ ಕಡೆ ಒಂದು ಷರತ್ತು ಇತ್ತು. ಮೀನು ಹಿಡಿಯುವ ಅಥವಾ ನಾಶ ಮಾಡುವ 'ಉದ್ದೇಶದಿಂದ' ಹಾಕಿದ್ದರೆ ಮಾತ್ರ ಅದು ಅಪರಾಧ.

ಶಿವಮೊಗ್ಗ ಆಗ ಮೈಸೂರು ಸಂಸ್ಥಾನದಲ್ಲಿತ್ತು. ಬ್ರಿಟಿಷ್ ಭಾರತದ ಆ ಕಾಯ್ದೆ ಇಲ್ಲಿಗೆ ಅನ್ವಯಿಸುತ್ತಿರಲಿಲ್ಲ. ಮೈಸೂರು ಸರ್ಕಾರ 1901ರಲ್ಲಿ ಬೇಟೆಯ ಪ್ರಾಣಿ ಮತ್ತು ಮೀನುಗಳ ಸಂರಕ್ಷಣೆಗೆ ತನ್ನದೇ ರೆಗ್ಯುಲೇಷನ್ ಹೊರಡಿಸಿತು. ಕಾಡುಮೃಗವನ್ನೂ ಹೊಳೆಯ ಮೀನನ್ನೂ ಒಂದೇ ಕಾನೂನಿನಲ್ಲಿ ಇಟ್ಟದ್ದು ಆ ಕಾಲದ ದೃಷ್ಟಿ: ಎರಡೂ ಬೇಟೆಯ ವಸ್ತುಗಳು, ಅವು ಮುಗಿದುಹೋಗದಂತೆ ಬೇಟೆಗಾರನ ಕೈ ಹಿಡಿಯಬೇಕು. ಬಹುಕಾಲದ ನಂತರ ಇಡೀ ರಾಜ್ಯಕ್ಕೆಂದು 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆ ರೂಪುಗೊಂಡಿತು.

ಈ ಕಾನೂನುಗಳು ಬೇಕಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಕಾರೆಕಾಯಿ ಜಜ್ಜಿ ಗುಂಡಿಗೆ ಹಾಕಿ ಮೀನನ್ನು ಮಂಕು ಮಾಡಿ ಹಿಡಿಯುವುದು ಮಲೆನಾಡಿನಲ್ಲಿ ಹಳೆಯ ರೂಢಿ. ಅದರ ಜಾಗಕ್ಕೆ ಬ್ಲೀಚಿಂಗ್ ಪೌಡರ್, ಮೈಲುತುತ್ತ, ಕೀಟನಾಶಕ ಬಂದಾಗ ಹಳ್ಳಕ್ಕೆ ಹಳ್ಳವೇ ಸಾಯತೊಡಗಿತು. ದಕ್ಷಿಣ ಕನ್ನಡದ ಶಿಶಿಲದಲ್ಲಿ ದೇವಸ್ಥಾನದ ಎದುರಿನ ಕಪಿಲಾ ಹೊಳೆಯ ಮೀನುಗಳನ್ನು ಜನ ತಲೆಮಾರುಗಳಿಂದ ಮುಟ್ಟದೆ ಕಾದುಕೊಂಡು ಬಂದಿದ್ದರು. 1996ರಲ್ಲಿ ಅಲ್ಲಿ ಯಾರೋ ವಿಷ ಹಾಕಿ ಸಾವಿರಾರು ಮೀನುಗಳನ್ನು ಕೊಂದರು. ಇಂಥ ಕೃತ್ಯಕ್ಕೆ ಶಿಕ್ಷೆ ಆಗಲೇಬೇಕು. ಇಲ್ಲಿ ಉದ್ದೇಶವೂ ಸ್ಪಷ್ಟ, ತಪ್ಪೂ ಸ್ಪಷ್ಟ.

ಆದರೆ ಉದ್ದೇಶವನ್ನು ಕೇಳುವ ಕಾನೂನಿನ ಬಲೆಗೆ ಬೀಳುವವರು ಯಾರು ಎಂದು ಗಮನಿಸಿ. ಗುಂಡಿಗೆ ಪೊಟ್ಟಣ ಸುರಿದ ಹುಡುಗ ಬೀಳುತ್ತಾನೆ, ರಾತ್ರಿ ಹೊಳೆಗೆ ಸಿಡಿಮದ್ದು ಎಸೆದ ಕೂಲಿಯವನು ಬೀಳುತ್ತಾನೆ. ಅವರ ಕೈಯಲ್ಲಿ ವಿಷ ಇದೆ, ಕಣ್ಣು ಮೀನಿನ ಮೇಲಿದೆ. ದಿನಕ್ಕೆ ಲಕ್ಷಗಟ್ಟಲೆ ಲೀಟರ್ ಹೊಲಸು ನೀರನ್ನು ಹೊಳೆಗೆ ಬಿಡುವ ಕೊಳವೆಗೆ ಮೀನಿನ ಮೇಲೆ ಯಾವ ದ್ವೇಷವೂ ಇಲ್ಲ, ಆಸೆಯೂ ಇಲ್ಲ. ಆದ್ದರಿಂದ ಅದು ಈ ಬಲೆಯಿಂದ ಸಲೀಸಾಗಿ ಜಾರಿಕೊಳ್ಳುತ್ತದೆ.

ಎರಡು ಊರು, ಎರಡು ಹೊಳೆ

ತುಂಗೆಯೂ ಭದ್ರೆಯೂ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹತ್ತಿರ ಹತ್ತಿರವೇ ಹುಟ್ಟುತ್ತವೆ. ತುಂಗೆ ಶೃಂಗೇರಿ, ತೀರ್ಥಹಳ್ಳಿ ದಾಟಿ ಶಿವಮೊಗ್ಗಕ್ಕೆ ಬರುತ್ತದೆ. ಭದ್ರೆ ಕುದುರೆಮುಖ, ಕಳಸ, ಬಾಳೆಹೊನ್ನೂರು ಹಾದು, ಲಕ್ಕವಳ್ಳಿಯ ಅಣೆಕಟ್ಟೆಯಲ್ಲಿ ನಿಂತು, ಮಿಕ್ಕದ್ದು ಭದ್ರಾವತಿಗೆ ಇಳಿಯುತ್ತದೆ. ಕೂಡ್ಲಿಯಲ್ಲಿ ಎರಡೂ ಸೇರಿ ತುಂಗಭದ್ರೆಯಾಗುತ್ತವೆ.

ಭದ್ರಾವತಿ ಬೆಳೆದದ್ದು ಭದ್ರೆಯ ನೀರಿನಿಂದಲೇ. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. 1936ರಲ್ಲಿ ಮೈಸೂರು ಪೇಪರ್ ಮಿಲ್ಸ್ ಸ್ಥಾಪನೆಯಾಯಿತು. ನಾಡಿನ ಎಷ್ಟೋ ಮಕ್ಕಳ ಪಠ್ಯಪುಸ್ತಕ, ನಮ್ಮ ಪತ್ರಿಕೆಗಳ ಕಾಗದ ಅಲ್ಲಿಂದ ಬಂದವು. ಹಿಂದೂ, ಮುಸ್ಲಿಂ, ಕ್ರೈಸ್ತ ಎನ್ನದೆ ಸಾವಿರಾರು ಮನೆಗಳ ಒಲೆ ಉರಿದದ್ದು ಈ ಕಾರ್ಖಾನೆಗಳ ಸಂಬಳದಿಂದ. ಜೊತೆಗೆ ಇವುಗಳ ತ್ಯಾಜ್ಯ ನೀರೂ ವರ್ಷಗಟ್ಟಲೆ ಭದ್ರೆಗೆ ಹೋಯಿತು. ಮರದ ತಿರುಳಿನಿಂದ ಕಾಗದ ಮಾಡುವಾಗ ಉಳಿಯುವ ಕಂದು ದ್ರವ ನೀರಿನಲ್ಲಿ ಕೊಳೆಯುತ್ತ ಅಲ್ಲಿರುವ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಬೇಸಿಗೆಯಲ್ಲಿ ಅಣೆಕಟ್ಟೆಯಿಂದ ಕೆಳಗೆ ಹೊಳೆ ಸಣ್ಣದಾದಾಗ ಈ ಹೀರುವಿಕೆ ಇನ್ನೂ ತೀವ್ರ. ಮೀನಿಗೆ ಉಸಿರು ಕಟ್ಟುತ್ತದೆ.

ಮೇಲೆ ಕುದುರೆಮುಖದಲ್ಲಿ ಗಣಿಯ ಮಣ್ಣು ಮಳೆಗಾಲದಲ್ಲಿ ಭದ್ರೆಗೆ ಇಳಿಯುತ್ತಿತ್ತು. ಮಣ್ಣು ವಿಷವಲ್ಲ. ಆದರೆ ಕಲ್ಲು ಜಲ್ಲಿಗಳ ಸಂದಿಯಲ್ಲಿ ಮೊಟ್ಟೆ ಇಡುವ ಮೀನಿಗೆ ಆ ಸಂದಿ ಮುಚ್ಚಿಹೋದರೆ ವಂಶವೇ ನಿಲ್ಲುತ್ತದೆ. 2002ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನಂತೆ ಅಲ್ಲಿನ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಕೂಡ್ಲಿಯಿಂದ ಕೆಳಗೆ, ಹರಿಹರದ ಎದುರು ದಡದ ಕುಮಾರಪಟ್ಟಣದಲ್ಲಿ ರೇಯಾನ್ ತಿರುಳಿನ ಕಾರ್ಖಾನೆ 1970ರ ದಶಕದಿಂದ ಇದೆ. 1980ರ ದಶಕದಲ್ಲಿ ಅಲ್ಲಿ ಮೀನುಗಳ ಸಾವು ಮತ್ತು ದಡದ ಹಳ್ಳಿಗಳ ಸಂಕಟ ದೊಡ್ಡ ಪ್ರಶ್ನೆಯಾದವು. ಎಸ್. ಆರ್. ಹಿರೇಮಠರ ನೇತೃತ್ವದ ಧಾರವಾಡದ ಸಮಾಜ ಪರಿವರ್ತನ ಸಮುದಾಯ ಆ ಹೋರಾಟವನ್ನು ಕೈಗೆತ್ತಿಕೊಂಡಿತು.

ಇಷ್ಟೆಲ್ಲದರಲ್ಲಿ ಒಬ್ಬರಾದರೂ 'ಮೀನು ಸಾಯಲಿ' ಎಂದು ಬಯಸಿದ್ದರೇ? ಇಲ್ಲ. ಒಬ್ಬರಿಗೆ ಕಾಗದ ಬೇಕಿತ್ತು, ಇನ್ನೊಬ್ಬರಿಗೆ ಕಬ್ಬಿಣ, ಮತ್ತೊಬ್ಬರಿಗೆ ಬಟ್ಟೆಯ ನೂಲು. ಬಯಸದೆಯೇ ಕೊಂದ ಸಾವುಗಳಿವು. 1897ರ ಕಾನೂನಿನ ಕಣ್ಣಿನಿಂದ ನೋಡಿದರೆ ಇಲ್ಲಿ ಅಪರಾಧವೇ ಇಲ್ಲ.

'ತಿಳಿದೂ' ಎಂಬ ಒಂದು ಪದ

ಈ ಕೊರತೆಯನ್ನು ತುಂಬಲು ಬಂದದ್ದು 1974ರ ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಕಾಯ್ದೆ. ಅದಕ್ಕಾಗಿ ಸಂಸತ್ತನ್ನು ಕೇಳಿಕೊಂಡು ನಿರ್ಣಯ ಮಾಡಿದ ಹನ್ನೆರಡು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ನಮ್ಮ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಅದೇ ವರ್ಷ ಹುಟ್ಟಿತು. ಈ ಕಾಯ್ದೆ ಮಾಲಿನ್ಯ ಎಂದರೇನೆಂದು ವಿವರಿಸುವಾಗ ಮನುಷ್ಯನ ಆರೋಗ್ಯ, ಕೃಷಿ, ಕೈಗಾರಿಕೆಗಳ ಜೊತೆಗೆ ಪ್ರಾಣಿಗಳು, ಸಸ್ಯಗಳು ಮತ್ತು ಜಲಚರಗಳ ಜೀವ ಹಾಗೂ ಆರೋಗ್ಯಕ್ಕೆ ಆಗುವ ಹಾನಿಯನ್ನೂ ಸೇರಿಸಿತು. ಮೀನನ್ನು ಯಾರಾದರೂ ಹಿಡಿದು ತಿನ್ನುತ್ತಾರೋ ಇಲ್ಲವೋ ಎಂದು ಇಲ್ಲಿ ಕೇಳಿಲ್ಲ. ಅದು ನೀರಿನಲ್ಲಿ ಬದುಕುತ್ತಿದೆ ಎಂಬುದೇ ಸಾಕು.

1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿಯ ನಿಯಮಗಳಲ್ಲಿ ಇನ್ನೊಂದು ಸ್ವಾರಸ್ಯವಿದೆ. ಹೊರಗೆ ಬಿಡುವ ತ್ಯಾಜ್ಯ ನೀರು ಎಷ್ಟು ಶುದ್ಧವಾಗಿರಬೇಕು ಎನ್ನುವುದಕ್ಕೆ ಅನೇಕ ಅಳತೆಗಳಿವೆ. ಅದರಲ್ಲಿ ಒಂದು ಅಳತೆ ಮೀನೇ. ಬೇರೆ ನೀರು ಬೆರೆಸದ ಆ ತ್ಯಾಜ್ಯದಲ್ಲಿ ಮೀನುಗಳನ್ನು ಬಿಟ್ಟರೆ 96 ಗಂಟೆಗಳ ನಂತರ ನೂರಕ್ಕೆ ತೊಂಬತ್ತು ಬದುಕಿರಬೇಕು. ದೂರು ಕೊಡಲು ಬಾಯಿಲ್ಲದ ಜೀವಿಯನ್ನು ಕಾನೂನು ಹೀಗೆ ಸಾಕ್ಷಿ ಕಟಕಟೆಯಲ್ಲಿ ನಿಲ್ಲಿಸಿದೆ.

ಆದರೆ 1974ರ ಕಾಯ್ದೆಯ 24ನೇ ಸೆಕ್ಷನ್ ಓದುವಾಗ ಮತ್ತೆ ನಮ್ಮ ಹಳೆಯ ಪ್ರಶ್ನೆ ಎದುರಾಗುತ್ತದೆ. ವಿಷಕಾರಿ ಅಥವಾ ಮಲಿನಕಾರಿ ವಸ್ತು ಹೊಳೆಗೆ ಸೇರುವಂತೆ ಯಾರೂ 'ತಿಳಿದೂ' ಮಾಡಬಾರದು, ಬಿಡಬಾರದು ಎನ್ನುತ್ತದೆ ಅದು. 'ಉದ್ದೇಶ' ಹೋಗಿ 'ತಿಳಿವಳಿಕೆ' ಬಂತು. ಒಂದು ಮೆಟ್ಟಿಲು ಮೇಲೇರಿದ್ದು ನಿಜ. ಆದರೆ 'ನನಗೆ ತಿಳಿದಿರಲಿಲ್ಲ' ಎಂಬ ಬಾಗಿಲು ಹಾಗೆಯೇ ತೆರೆದುಕೊಂಡಿತು.

ಇದೇ ವಿಷಯದಲ್ಲಿ ಇಂಗ್ಲೆಂಡಿನ ಒಂದು ಪ್ರಕರಣವನ್ನು ನೋಡಬಹುದು. 1951ರ ಅಲ್ಲಿನ ನದಿ ಕಾನೂನಿನಲ್ಲೂ 'ತಿಳಿದೂ' ಎಂಬ ಪದವಿತ್ತು. ಆದರೆ ಅದು ಮಲಿನ ವಸ್ತುವನ್ನು ಹೊಳೆಗೆ ಬಿಡುವುದಕ್ಕೆ ಒಪ್ಪಿಗೆ ಕೊಟ್ಟವನಿಗೆ ಮಾತ್ರ ಅಂಟಿಕೊಂಡಿತ್ತು, ಸೇರುವಂತೆ ಮಾಡಿದವನಿಗೆ ಅಲ್ಲ. ಅಲ್ಫಾಸೆಲ್ ಎಂಬ ಕಾಗದದ ಕಾರ್ಖಾನೆ ಇರ್ವೆಲ್ ನದಿಯ ದಡದಲ್ಲಿ ತ್ಯಾಜ್ಯದ ತೊಟ್ಟಿ ಕಟ್ಟಿ ಪಂಪು ಇಟ್ಟಿತ್ತು. ಒಂದು ದಿನ ಎಲೆ, ಬಳ್ಳಿ, ಕಸ ಸಿಕ್ಕಿ ಪಂಪು ಕಟ್ಟಿಕೊಂಡಿತು, ತೊಟ್ಟಿ ತುಂಬಿ ಹೊಳೆಗೆ ಹರಿಯಿತು. ಬೇಕೆಂದು ಮಾಡಿದ್ದಲ್ಲ, ಆಗ ಯಾರಿಗೂ ತಿಳಿದಿರಲೂ ಇಲ್ಲ. ಆದರೂ 1972ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನು ತಪ್ಪಿತಸ್ಥ ಎಂದಿತು. ದಂಡ ಕೇವಲ 20 ಪೌಂಡ್. ದಂಡ ಚಿಕ್ಕದಾದರೂ ಹೇಳಿದ ಮಾತು ದೊಡ್ಡದು: ತೊಟ್ಟಿಯನ್ನು ಹೊಳೆಯ ದಡದಲ್ಲಿ ಕಟ್ಟಿದವನು ನೀನು, ಅದು ತುಂಬಿ ಹರಿಯದಂತೆ ನೋಡಿಕೊಳ್ಳಬೇಕಾದವನೂ ನೀನೇ. ಎರಡು ವರ್ಷಗಳ ನಂತರ ಬಂದ ನಮ್ಮ ಕಾಯ್ದೆಯಲ್ಲಿ ಆ ಒಂದು ಪದ ವಾಕ್ಯದ ಮುಂದಕ್ಕೆ ಬಂದು ಕೂತು ಇಬ್ಬರಿಗೂ ಅಂಟಿಕೊಂಡಿತು.

ಬಯಸದ ತಪ್ಪಿಗೆ ಶಿಕ್ಷೆ ನ್ಯಾಯವೇ?

ಇಲ್ಲಿ ಒಂದು ಗಂಭೀರ ಆಕ್ಷೇಪವಿದೆ. ಅದನ್ನು ತಳ್ಳಿಹಾಕಿ ಮುಂದೆ ಹೋಗುವುದು ಸರಿಯಲ್ಲ. ಮನುಷ್ಯನನ್ನು ಅವನ ಮನಸ್ಸಿನಿಂದ ಅಳೆಯಬೇಕಲ್ಲವೇ? ಬಯಸದೆ, ತಿಳಿಯದೆ ಆದದ್ದಕ್ಕೆ ಶಿಕ್ಷೆ ಕೊಟ್ಟರೆ ಅದು ಕುರುಡು ನ್ಯಾಯವಾಗುವುದಿಲ್ಲವೇ? ಕರ್ಮಗಳ ಬೆಲೆ ನಿಯ್ಯತ್ತಿನ ಮೇಲೆ ನಿಂತಿದೆ ಎಂಬ ಪ್ರವಾದಿಯವರ ಬೋಧನೆಯನ್ನು ಮುಸ್ಲಿಮರ ಮನೆಯ ಮಗುವೂ ಬಲ್ಲದು. ಮನಸ್ಸು ಶುದ್ಧವಾಗಿರಬೇಕೆಂಬ ಮಾತು ಈ ನಾಡಿನ ಎಲ್ಲ ಧರ್ಮಗಳಲ್ಲೂ ಇದೆ. ಹಾಗಾದರೆ ಕಾನೂನು ನಿಯ್ಯತ್ತನ್ನು ಕೇಳುವುದರಲ್ಲಿ ತಪ್ಪೇನು?

ಆದರೆ ಅದೇ ಇಸ್ಲಾಮೀ ನ್ಯಾಯಶಾಸ್ತ್ರ ಪಾಪವನ್ನೂ ಪರಿಹಾರವನ್ನೂ ಬೇರೆ ಬೇರೆಯಾಗಿ ಇಟ್ಟಿದೆ. ದೇವರ ಮುಂದೆ ಪಾಪಿಯೋ ಅಲ್ಲವೋ ಎನ್ನುವುದು ನಿಯ್ಯತ್ತಿನ ಪ್ರಶ್ನೆ. ಇನ್ನೊಬ್ಬನಿಗಾದ ನಷ್ಟವನ್ನು ಯಾರು ತುಂಬಬೇಕು ಎನ್ನುವುದು ಬೇರೆ ಪ್ರಶ್ನೆ. 1869 ಮತ್ತು 1876ರ ನಡುವೆ ಉಸ್ಮಾನಿ ಸಾಮ್ರಾಜ್ಯದಲ್ಲಿ ಸಿದ್ಧವಾದ 'ಮಜಲ್ಲಾ' ಎಂಬ ನಾಗರಿಕ ಸಂಹಿತೆಯಲ್ಲಿ ಇದಕ್ಕೆ ಉದಾಹರಣೆಗಳಿವೆ. ಕಾಲು ಜಾರಿ ಬಿದ್ದು ಇನ್ನೊಬ್ಬನ ವಸ್ತು ಒಡೆದವನು ಬೇಕೆಂದು ಮಾಡದಿದ್ದರೂ ನಷ್ಟ ಕಟ್ಟಿಕೊಡಬೇಕು. ನೇರವಾಗಿ ಮಾಡದೆ ಬರಿಯ ಕಾರಣನಾದವನಿಗೆ ನಿಯಮ ಸ್ವಲ್ಪ ಸಡಿಲ. ಆದರೆ ಅಲ್ಲೂ ಒಂದು ಗೆರೆ ಇದೆ. ತನ್ನ ಜಾಗದಲ್ಲಿ ಬಾವಿ ತೋಡಿದ್ದು, ಅದಕ್ಕೆ ಬೇರೆಯವರ ದನ ಬಿದ್ದರೆ ಅವನು ಹೊಣೆಯಲ್ಲ. ಅನುಮತಿಯಿಲ್ಲದೆ ಸಾರ್ವಜನಿಕ ದಾರಿಯಲ್ಲಿ ತೋಡಿದ್ದರೆ ಹೊಣೆ ಅವನದೇ. ದನ ಬೀಳಲಿ ಎಂಬ ಬಯಕೆ ಅವನಿಗೆ ಇತ್ತೇ ಎಂದು ಯಾರೂ ಕೇಳುವುದಿಲ್ಲ, ಎಲ್ಲರಿಗೂ ಸೇರಿದ ಜಾಗದಲ್ಲಿ ತೋಡಿದ್ದೇ ತಪ್ಪು. ಹೊಳೆ ಎಲ್ಲರ ದಾರಿಯಲ್ಲವೇ? ಅದರಲ್ಲಿ ಕೊಳವೆ ಇಳಿಬಿಟ್ಟವನು ಬಾವಿ ತೋಡಿದವನೇ ಅಲ್ಲವೇ?

ಜೈನ ಚಿಂತನೆ ಇದನ್ನು ಇನ್ನೊಂದು ಬದಿಯಿಂದ ಹಿಡಿದಿದೆ. ಶಿವಮೊಗ್ಗ ಜಿಲ್ಲೆಯ ಹುಂಚ ಪ್ರಾಚೀನ ಜೈನ ಕ್ಷೇತ್ರ, ಆದ್ದರಿಂದ ಈ ಮಾತು ನಮ್ಮ ನೆಲಕ್ಕೆ ಹೊಸದಲ್ಲ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾತಿ ಹಿಂಸೆಯನ್ನು ವಿವರಿಸುವಾಗ ದ್ವೇಷವನ್ನು ಹೆಸರಿಸುವುದಿಲ್ಲ, ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು ಹೆಸರಿಸುತ್ತಾನೆ. ಎಚ್ಚರವಿಲ್ಲದ ನಡವಳಿಕೆಯಿಂದ ಜೀವ ಹೋದರೆ ಅದು ಹಿಂಸೆ. ಹೀಗೆ ನೋಡಿದರೆ ಎಚ್ಚರಗೇಡಿತನವೇ ಮನಸ್ಸಿನ ಒಂದು ಸ್ಥಿತಿ. 'ನನ್ನ ಮನಸ್ಸಿನಲ್ಲಿ ಕೆಟ್ಟದ್ದು ಇರಲಿಲ್ಲ' ಎನ್ನುವವನನ್ನು 'ನಿನ್ನ ಮನಸ್ಸಿನಲ್ಲಿ ಮೀನೇ ಇರಲಿಲ್ಲವಲ್ಲ' ಎಂದು ಕೇಳಬಹುದು.

ಆಧುನಿಕ ನ್ಯಾಯಾಲಯಗಳೂ ನಿಧಾನವಾಗಿ ಇಲ್ಲಿಗೇ ಬಂದು ಮುಟ್ಟಿವೆ. ದೆಹಲಿಯ ಅನಿಲ ಸೋರಿಕೆಯ ಪ್ರಕರಣದಲ್ಲಿ 1986ರ ಕೊನೆಯಲ್ಲಿ ನಮ್ಮ ಸುಪ್ರೀಂ ಕೋರ್ಟು ಅಪಾಯಕಾರಿ ಉದ್ಯಮ ನಡೆಸುವವನು ಎಷ್ಟೇ ಎಚ್ಚರ ವಹಿಸಿದ್ದರೂ ಆದ ಹಾನಿಗೆ ಪೂರ್ತಿ ಹೊಣೆ ಎಂದಿತು. 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆ ತಪ್ಪು ಸಾಬೀತಾಗದಿದ್ದರೂ ಪರಿಹಾರ ಕೊಡಿಸುವ ಅಧಿಕಾರವನ್ನು ಮಂಡಳಿಗೆ ಕೊಟ್ಟಿತು. ಕೆನಡಾದ ಸುಪ್ರೀಂ ಕೋರ್ಟು 1978ರಲ್ಲಿ ಒಂದು ನಡುದಾರಿ ತೋರಿಸಿತು. ಅಲ್ಲಿ ಆರೋಪಿಯಾಗಿದ್ದದ್ದು ಸೂ ಸೇಂಟ್ ಮರೀ ಎಂಬ ನಗರ. ನಗರದ ಕಸದಿಂದ ತೊರೆ ಕೆಟ್ಟಿತ್ತು. ಕಸ ಹಾಕಿದವನು ಗುತ್ತಿಗೆದಾರ ಎಂಬುದು ನಗರದ ವಾದ. ಮಾಲಿನ್ಯ ಆಗಿದೆ ಎಂದು ಸರ್ಕಾರ ತೋರಿಸಿದರೆ ಸಾಕು, ಸಾಧ್ಯವಿದ್ದ ಎಲ್ಲ ಎಚ್ಚರ ವಹಿಸಿದ್ದೆ ಎಂದು ತೋರಿಸುವ ಭಾರ ಆರೋಪಿಯದು ಎಂದಿತು ನ್ಯಾಯಾಲಯ. ನನ್ನ ಅಲ್ಪ ಬುದ್ಧಿಗೆ ಇದು ನ್ಯಾಯವಾಗಿ ಕಾಣುತ್ತದೆ. ನಿರಪರಾಧಿಗೆ ಇಲ್ಲಿ ದಾರಿ ಇದೆ. ಆದರೆ ಅದು ಅಜ್ಞಾನದ ದಾರಿಯಲ್ಲ, ಎಚ್ಚರದ ದಾರಿ.

ನಮ್ಮ ಮನೆಯ ಕೊಳವೆ

ಇಲ್ಲಿಯವರೆಗೆ ಕಾರ್ಖಾನೆಗಳ ಮಾತಾಯಿತು. ಓದುಗರಲ್ಲಿ ಕೆಲವರಿಗೆ ಸಮಾಧಾನವೂ ಆಗಿರಬಹುದು, ತಪ್ಪಿತಸ್ಥರು ಬೇರೆಯವರು ಎಂದು. ಆದರೆ ಒಂದು ವಿಷಯ ಗಮನಿಸಿ. ಮೈಸೂರು ಪೇಪರ್ ಮಿಲ್ಸ್ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ 351 ಮಲಿನ ನದೀಭಾಗಗಳ ಪಟ್ಟಿ ಮಾಡಿದಾಗ ಕರ್ನಾಟಕದ 17ರಲ್ಲಿ ತುಂಗಾ, ಭದ್ರಾ, ತುಂಗಭದ್ರಾ ಮೂರೂ ಇದ್ದವು. ಭದ್ರೆಯಲ್ಲಿ ಗುರುತಿಸಿದ್ದು ಭದ್ರಾವತಿ ಮತ್ತು ಹೊಳೆಹೊನ್ನೂರಿನ ನಡುವಿನ ಭಾಗವನ್ನೇ. ದೊಡ್ಡ ಕೊಳವೆಯೊಂದು ಒಣಗಿದ ಮೇಲೂ ಹೊಳೆ ಚೊಕ್ಕಟವಾಗಲಿಲ್ಲ ಎಂದರೆ ಉಳಿದದ್ದು ಎಲ್ಲಿಂದ ಬರುತ್ತಿದೆ?

2011ರ ಜನಗಣತಿಯಂತೆ ಶಿವಮೊಗ್ಗ ನಗರದಲ್ಲಿ 3.22 ಲಕ್ಷ, ಭದ್ರಾವತಿಯಲ್ಲಿ 1.51 ಲಕ್ಷ ಜನ. ನಗರದ ಒಬ್ಬನಿಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ನೂರಕ್ಕೆ ಎಂಬತ್ತು ಭಾಗ ಕೊಳಚೆಯಾಗಿ ಹೊರಗೆ ಎಂಬುದು ಎಂಜಿನಿಯರುಗಳ ಸಾಮಾನ್ಯ ಲೆಕ್ಕ. ಆ ಲೆಕ್ಕದಲ್ಲಿ ಎರಡು ಊರುಗಳಿಂದ ದಿನಕ್ಕೆ ಸುಮಾರು 5 ಕೋಟಿ ಲೀಟರ್ ಕೊಳಚೆ. ಬಿಸಿಲುಗಾಲದ ಹೊಳೆಯ ಒಂದು ಲೀಟರ್ ಶುದ್ಧ ನೀರಿನಲ್ಲಿ ಏಳೆಂಟು ಮಿಲಿಗ್ರಾಂ ಆಮ್ಲಜನಕ ಮಾತ್ರ ಕರಗಿರಬಲ್ಲದು. ಮೀನುಗಾರಿಕೆಗೆ ಯೋಗ್ಯ ಎನಿಸಲು ಕನಿಷ್ಠ 4 ಮಿಲಿಗ್ರಾಂ ಬೇಕೆಂದು ಕೇಂದ್ರ ಮಂಡಳಿಯ ಮಾನದಂಡ. ಶುದ್ಧೀಕರಿಸದ ಒಂದು ಲೀಟರ್ ಕೊಳಚೆ ಕೊಳೆಯಲು ಇನ್ನೂರು ಮಿಲಿಗ್ರಾಮಿನಷ್ಟು ಆಮ್ಲಜನಕ ಬೇಕು, ಎಂದರೆ ಇಪ್ಪತ್ತೈದು ಲೀಟರ್ ಹೊಳೆ ನೀರಿನ ಉಸಿರು. ಇದರಲ್ಲಿ ಶುದ್ಧೀಕರಣ ಘಟಕಕ್ಕೆ ಹೋಗುವುದನ್ನು ಬಿಟ್ಟು, ರಾಜಕಾಲುವೆ ಹಿಡಿದು ನೇರ ಹೊಳೆಗೆ ಇಳಿಯುವ ಪ್ರತಿ ಲೀಟರಿನ ಲೆಕ್ಕ ಹೀಗೆ.

ಈ ಲೆಕ್ಕದಲ್ಲಿ ಮೀನು ಕೊಂದವನು ಯಾರು? ಹೆಸರು ಹೇಳಲು ಆಗುವುದಿಲ್ಲ. ನನ್ನ ಪಾಲು 108 ಲೀಟರ್. ಅದೊಂದರಿಂದ ಒಂದು ಮೀನೂ ಸಾಯದು. ನಿಮ್ಮ ಪಾಲಿನಿಂದಲೂ ಸಾಯದು. ಎಲ್ಲರ ಪಾಲು ಸೇರಿದಾಗ ಸಾಯುತ್ತದೆ. ಎಲ್ಲರೂ ಮಾಡಿದ ತಪ್ಪು ಯಾರ ತಪ್ಪೂ ಅಲ್ಲ ಎಂದು ನಾವು ನಿಶ್ಚಿಂತರಾಗುತ್ತೇವೆ. ಹಾಗಾಗಬಾರದೆಂದೇ ಎಲ್ಲರ ಪರವಾಗಿ ಹೊಣೆ ಹೊರಲು ನಗರಸಭೆ, ಮಹಾನಗರಪಾಲಿಕೆಗಳಿವೆ. 1980ರಲ್ಲಿ ರತ್ಲಾಂ ನಗರಸಭೆಯ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ಹಣವಿಲ್ಲ ಎಂಬ ನೆಪ ಹೇಳಿ ನಗರಸಭೆ ತನ್ನ ಚರಂಡಿಯ ಕರ್ತವ್ಯದಿಂದ ನುಣುಚಿಕೊಳ್ಳುವಂತಿಲ್ಲ ಎಂದು ತೀರ್ಪಿತ್ತರು. 2017ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಮತ್ತೆ ಹೇಳಿ, ಶುದ್ಧೀಕರಣ ಘಟಕಗಳಿಗೆ ಗಡುವು ಹಾಕಿತು. ಆದರೆ ನಗರಸಭೆಗೆ ಮತ ಹಾಕುವವರು ನಾವು. ರಸ್ತೆಗೆ ಡಾಂಬರು ಯಾವಾಗ ಎಂದು ಸದಸ್ಯರನ್ನು ಕೇಳುತ್ತೇವೆ. ನಮ್ಮ ಬೀದಿಯ ಚರಂಡಿ ಎಲ್ಲಿಗೆ ಹೋಗಿ ಸೇರುತ್ತದೆ ಎಂದು ಕೇಳಿದವರೆಷ್ಟು? ಕೇಳದಿದ್ದರೆ ತಿಳಿಯುವುದಿಲ್ಲ, ತಿಳಿಯದಿದ್ದರೆ ತಪ್ಪಿಲ್ಲ. ಹೀಗೆ ನಮ್ಮ ಅಜ್ಞಾನವನ್ನು ನಾವೇ ಕಾಪಾಡಿಕೊಂಡು ಬಂದಿದ್ದೇವೆ.

ಮೀನು ಮತ್ತು ಅನ್ನ

ಮೀನಿನ ಮಾತೆತ್ತಿದರೆ ಭದ್ರಾವತಿಯ ಕಾರ್ಮಿಕ ಬೇಸರಪಟ್ಟುಕೊಂಡರೆ ಅದು ಸಹಜ. ಕಾಗದದ ಕಾರ್ಖಾನೆ ನಿಂತಾಗ ಅವನ ಅನ್ನ ಹೋಯಿತು, ಊರು ಕಳೆಗುಂದಿತು. ಆ ಕಾರ್ಖಾನೆಯನ್ನು ನಿಲ್ಲಿಸಿದ್ದು ಮೀನಲ್ಲ, ನಷ್ಟ. ಅನ್ನವೂ ಹೋಯಿತು, ಹೊಳೆಯೂ ಚೊಕ್ಕಟವಾಗಲಿಲ್ಲ. 'ಮೀನು ಬೇಕೋ ಅನ್ನ ಬೇಕೋ' ಎಂಬ ಪ್ರಶ್ನೆಯೇ ಮೋಸದ್ದು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಇನ್ನೊಂದು ಮಾತೂ ಇದೆ. ಹೊಳೆಯಲ್ಲಿ ಬಲೆ ಬೀಸುವ ಬೆಸ್ತರಿಗೂ ಅದು ಅನ್ನವೇ. ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರ ನಷ್ಟವನ್ನು ಸರ್ಕಾರ ಲೆಕ್ಕ ಹಾಕಿತು. ಗೆಂಡೆ, ಬಾಳೆಮೀನು, ಹಾವುಮೀನು ಕಡಿಮೆಯಾಗುತ್ತ ಬಂದಂತೆ ಬಲೆ ಮಡಚಿಟ್ಟವನ ಹೆಸರು ಯಾವ ಪುಸ್ತಕದಲ್ಲಿತ್ತು?

ಭಕ್ತಿ ಮೀನನ್ನು ಕಾಯುತ್ತದೆ ಎನ್ನುವವರಿದ್ದಾರೆ. ಅದೂ ಸುಳ್ಳಲ್ಲ. ಇದೇ ತುಂಗೆಯ ಮೇಲ್ಭಾಗದಲ್ಲಿ ಶೃಂಗೇರಿಯ ಮಠದ ಎದುರು, ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆಯಲ್ಲಿ ಮೀನುಗಳು ಮನುಷ್ಯರ ಕೈಯಿಂದ ತಿನ್ನುವಷ್ಟು ನಿರ್ಭಯವಾಗಿವೆ. ಅಲ್ಲಿ ಗಾಳ ಹಾಕುವ ಧೈರ್ಯ ಯಾರಿಗೂ ಇಲ್ಲ. ಆದರೆ ಯೋಚಿಸಿ: ಶ್ರದ್ಧೆ ಅಲ್ಲಿ ತಡೆದಿರುವುದು ಗಾಳವನ್ನು, ಬಲೆಯನ್ನು, ಎಂದರೆ ಉದ್ದೇಶವನ್ನು. ಮೇಲಿನ ಊರಿನ ಚರಂಡಿಗೆ, ತೋಟದಿಂದ ತೊಳೆದುಬರುವ ಔಷಧಿಗೆ ಮತ್ಸ್ಯಧಾಮದ ಗಡಿ ಕಾಣುವುದಿಲ್ಲ. ಮೀನಿಗೆ ಮಂಡಕ್ಕಿ ಹಾಕಿ ಕೈಮುಗಿದವನೂ ಪ್ಲಾಸ್ಟಿಕ್ ಚೀಲವನ್ನು ಅಲ್ಲೇ ನೀರಿಗೆ ಬಿಟ್ಟು ಹೋಗುವುದನ್ನು ನೋಡಿದ್ದೇನೆ. ಅವನಿಗೂ ಕೊಲ್ಲುವ ಉದ್ದೇಶ ಇರಲಿಲ್ಲ.

ಈಚೆಗೆ ಕಾನೂನಿನಲ್ಲಿ ಮತ್ತೊಂದು ಬದಲಾವಣೆ ಬಂದಿದೆ. 2024ರಲ್ಲಿ ಸಂಸತ್ತು ಜಲ ಕಾಯ್ದೆಗೆ ತಿದ್ದುಪಡಿ ತಂದು, ಮಲಿನ ವಸ್ತುವನ್ನು ಹೊಳೆಗೆ ಬಿಟ್ಟದ್ದಕ್ಕೆ ಇದ್ದ ಒಂದೂವರೆಯಿಂದ ಆರು ವರ್ಷದ ಜೈಲುಶಿಕ್ಷೆಯ ಜಾಗದಲ್ಲಿ 10,000 ರೂಪಾಯಿಯಿಂದ 15 ಲಕ್ಷ ರೂಪಾಯಿವರೆಗಿನ ದಂಡವನ್ನು ಇಟ್ಟಿತು. ನೀರು ರಾಜ್ಯಗಳ ವಿಷಯವಾದ್ದರಿಂದ ಇದು ಒಪ್ಪಿಕೊಂಡ ರಾಜ್ಯಗಳಿಗೆ ಮಾತ್ರ ಅನ್ವಯ. ಎಂದೋ ಆಗಬಹುದಾದ ಜೈಲಿಗಿಂತ ಬೇಗ ಬೀಳುವ ದಂಡ ಮೇಲು ಎಂಬ ವಾದದಲ್ಲಿ ಹುರುಳಿದೆ. ನನ್ನ ಭಯ ಇಷ್ಟೇ. ದಂಡ ಬೆಲೆಯಾಗಿಬಿಡಬಾರದು. ಹದಿನೈದು ಲಕ್ಷ ಕಟ್ಟಿ ಹೊಳೆಯನ್ನು ಕೊಂಡುಕೊಂಡೆ ಎಂದು ಯಾರಿಗೂ ಅನ್ನಿಸಬಾರದು. ಕಟ್ಟಿದ ಹಣ ಆ ಹೊಳೆಗೆ, ಅದನ್ನು ನಂಬಿದ ಬೆಸ್ತರ ಮನೆಗೆ ಮರಳಿ ಬಂದರೆ ಮಾತ್ರ ಅದು ಪರಿಹಾರ. ಇಲ್ಲದಿದ್ದರೆ ಅದು ಹೊಲಸು ಬಿಡುವುದಕ್ಕೆ ಕೊಟ್ಟ ಬಾಡಿಗೆ.

2024ರ ನವೆಂಬರಿನಲ್ಲಿ ನಿರ್ಮಲ ತುಂಗಭದ್ರಾ ಅಭಿಯಾನದವರು ಶೃಂಗೇರಿಯಿಂದ ಹೊಳೆಯ ದಡ ಹಿಡಿದು ನಡೆದರು. ನಡೆದವರು ಕಾಲ್ನಡಿಗೆಯಲ್ಲಿ ಕಂಡದ್ದನ್ನು ನಾವು ದಿನಾ ಬಸ್ಸಿನ ಕಿಟಕಿಯಿಂದ, ಸೇತುವೆ ದಾಟುವ ಎರಡು ನಿಮಿಷ ಕಾಣುತ್ತೇವೆ. ಮೂಗು ಮುಚ್ಚಿಕೊಳ್ಳುತ್ತೇವೆ, ಅಷ್ಟೆ. ಕಾನೂನು ಅದರ ಪಾಡಿಗೆ ಉದ್ದೇಶದಿಂದ ತಿಳಿವಳಿಕೆಗೆ, ತಿಳಿವಳಿಕೆಯಿಂದ ಎಚ್ಚರಕ್ಕೆ ನಿಧಾನವಾಗಿ ನಡೆದುಬರುತ್ತಿದೆ. ನಮ್ಮ ಮನಸ್ಸು ಮಾತ್ರ 1897ರಲ್ಲೇ ನಿಂತಿದೆ. ನಾನು ಕೊಂದಿಲ್ಲ, ನನಗೆ ಆ ಉದ್ದೇಶ ಇರಲಿಲ್ಲ ಎಂದು ಇಂದಿಗೂ ಹೇಳಿಕೊಳ್ಳುತ್ತೇವೆ.

ಆ ಚಾಚಾ ಈಗಿಲ್ಲ. ಆ ಹಳ್ಳ ಈಗ ಚರಂಡಿಯಾಗಿದೆ, ಅದರ ಗುಂಡಿಗಳಲ್ಲಿ ಬ್ಲೀಚಿಂಗ್ ಪೌಡರ್ ಸುರಿಯಲು ಹುಡುಗರು ಬರುವುದಿಲ್ಲ, ಹಿಡಿಯಲು ಮೀನೇ ಇಲ್ಲ. ನಾನಿರುವ ಬಡಾವಣೆಯ ನೀರೂ ಅದೇ ಹಳ್ಳಕ್ಕೆ ಸೇರುತ್ತದೆ ಎಂದು ಈಚೆಗಷ್ಟೇ ವಿಚಾರಿಸಿ ತಿಳಿದುಕೊಂಡೆ. ಅಂದು ನಾಲ್ಕು ಮಂದಿ ಹುಡುಗರು ಒಂದು ದಿನ ಮಾಡಿದ್ದನ್ನು ಇಂದು ಸಾವಿರಾರು ಮಂದಿ ಹಿರಿಯರು ದಿನವೂ ಮಾಡುತ್ತಿದ್ದೇವೆ. ಸಣ್ಣ ಮೀನು ಸಾಯಲಿ ಎಂದು ಮಾಡುತ್ತಿಲ್ಲ, ನಿಜ. ಆದರೆ ಅದು ಸಣ್ಣ ಮೀನಿಗೆ ಗೊತ್ತೇ?